ಸೊಂಟದಲ್ಲಿ ಕಟ್ಟಿಕೊಂಡ ಮೂಲಪ್ರತಿ

ದೊಡ್ಡಬೀರಪ್ಪನ ಬಾಯಿ ಇದ್ದದ್ದು ಅವನ ಬಲಗೈಯಲ್ಲಿ. ಮುಖದಲ್ಲಿದ್ದ ಬಾಯಿ ಎಲೆಅಡಿಕೆಗೆ ಮೀಸಲು. ವ್ಯಾಪಾರಕ್ಕೆ ಅದನ್ನು ಅವನು ಬಳಸಿದ್ದೇ ಕಡಿಮೆ. ಅಜ್ಜಂಪುರದ ಸಂತೆಯಲ್ಲಿ ಹೋರಿ ಮಾರುವವನು ಒಂದು ಕಡೆ, ಕೊಳ್ಳುವವನು ಇನ್ನೊಂದು ಕಡೆ, ನಡುವೆ ದಲ್ಲಾಳಿ ದೊಡ್ಡಬೀರಪ್ಪ. ಹೆಗಲ ಮೇಲಿನ ಟವೆಲನ್ನು ಕೈಮೇಲೆ ಹೊದಿಸಿ, ಕೊಳ್ಳುವವನ ಬೆರಳು ಹಿಡಿದು ಒಂದು ಮಾತು ಕೇಳುತ್ತಿದ್ದ; ಆಮೇಲೆ ಮಾರುವವನ ಬೆರಳು ಹಿಡಿದು ಒಂದು ಮಾತು ಹೇಳುತ್ತಿದ್ದ. ಸುತ್ತ ನಿಂತವರಿಗೆ ಕಾಣುತ್ತಿದ್ದುದು ಟವೆಲಿನ ಅಲ್ಲಾಟ ಮಾತ್ರ. ಒಂದು ಬೆರಳು ಅಂದರೆ ನೂರೋ ಸಾವಿರವೋ, ಅಂಗೈ ಒತ್ತಿದರೆ ಒಪ್ಪಿಗೆಯೋ ಬೈಗುಳವೋ, ಅದು ಹಿಡಿದ ಇಬ್ಬರಿಗೆ ಗೊತ್ತು, ಮೂರನೆಯವನಾದ ಹೋರಿಗೂ ಗೊತ್ತಿಲ್ಲ. ಕೊನೆಗೆ ಟವೆಲು ಕೊಡವಿ ಹೆಗಲಿಗೆ ಹಾಕಿದನೆಂದರೆ ವ್ಯಾಪಾರ ಮುಗಿಯಿತು.

"ಟವೆಲ್ ಕೆಳಗಿನ ಮಾತನ್ನ ಟವೆಲ್ ಮೇಲೆ ತಂದೋನು ದಲ್ಲಾಳಿ ಅಲ್ಲ ಕಣ್ಲಾ, ತಮಟೆ" ಅಂತ ಅವನ ಅಪ್ಪ ಹೇಳಿಕೊಟ್ಟಿದ್ದ. ದೊಡ್ಡಬೀರಪ್ಪ ತಮಟೆಯಾಗಲಿಲ್ಲ. ತರೀಕೆರೆಯಿಂದ ಸಖರಾಯಪಟ್ಟಣದ ತನಕ ಯಾವ ಜೋಡಿ ಎಷ್ಟಕ್ಕೆ ಕೈ ಬದಲಾಯಿತು ಅನ್ನುವುದು ಅವನ ಹೊಟ್ಟೆಯಲ್ಲಿತ್ತು. ಹೆಂಡತಿ ತಿಮ್ಮಕ್ಕ ಕೂಡ ಅಲ್ಲಿಂದ ಒಂದು ಅಂಕಿಯನ್ನು ಹೊರಗೆ ತೆಗೆದಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಎತ್ತಿನ ಜಾಗಕ್ಕೆ ಟಿಲ್ಲರು ಬರತೊಡಗಿತು. "ಎತ್ತಾದ್ರೆ ಬಾಯಿ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳ್ಬೋದು. ಟಿಲ್ಲರ್‌ಗೂ ಹಲ್ಲೈತೆ, ಆದ್ರೆ ಅದು ಹುಟ್ಟುತ್ಲೇ ಎಲ್ಲ ಹಲ್ಲು ಇಟ್ಕೊಂಡು ಬತ್ತದೆ" ಅಂತ ದೊಡ್ಡಬೀರಪ್ಪ ಆ ಕಸುಬಿಗೆ ಕೈಮುಗಿದ. ಕೈಮುಗಿದ ಮೇಲೆ ಟವೆಲ್ ಕೆಳಗೆ ಮಾಡುವುದಕ್ಕೆ ಏನೂ ಉಳಿಯಲಿಲ್ಲ. ಸಖರಾಯಪಟ್ಟಣದ ಹತ್ತಿರ ಅವನಿಗೆ ಒಂದಷ್ಟು ತೆಂಗಿನ ಮರಗಳಿದ್ದವು. ಕೊಬ್ಬರಿ ತೆಗೆದುಕೊಂಡು ಕಡೂರಿಗೆ ಬಂದು ಹೋಗುತ್ತಾ ಅಲ್ಲಿನ ಬೆಳೆಗಾರರ ಸಂಘದ ಸಂಗಕ್ಕೆ ಬಿದ್ದ. ಬಾಯಿ ಬಿಡದವನು ಅನ್ನುವ ಒಂದೇ ಅರ್ಹತೆಯ ಮೇಲೆ ಬೆಳೆಗಾರರು ಅವನನ್ನು ಸಂಘದ ಡೈರೆಕ್ಟರನ್ನಾಗಿ ಆರಿಸಿದರು. ಓದು ಬರಹ ಇಲ್ಲ ಅಂತ ಯಾರೋ ಆಕ್ಷೇಪ ಎತ್ತಿದಾಗ ಅಧ್ಯಕ್ಷ ಶಿವಮೂರ್ತಪ್ಪ, "ಓದಿದ ಡೈರೆಕ್ಟ್ರು ಆರು ಜನ ಇದ್ದೀವಲ್ಲ, ಇನ್ನೂ ಎಷ್ಟು ಹಾಳಾಗಬೇಕು ಸಂಘ?" ಅಂದು ಅದನ್ನು ತಳ್ಳಿಹಾಕಿದರು.

ಸಂಘದಲ್ಲಿ ಪ್ರತಿ ಸೋಮವಾರ ಕೊಬ್ಬರಿ ಟೆಂಡರು. ಬೆಳೆಗಾರರ ಮೂಟೆಗಳನ್ನು ಲಾಟು ಲಾಟಾಗಿ ಜೋಡಿಸಿಡುವುದು; ವರ್ತಕರು ಸುತ್ತಿ ನೋಡಿ, ತಮ್ಮ ದರವನ್ನು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕುವುದು; ಮಧ್ಯಾಹ್ನ ಡಬ್ಬ ತೆಗೆದು, ಹೆಚ್ಚು ದರ ಬರೆದವನಿಗೆ ಲಾಟು. ಹೇಳುವುದಕ್ಕೆ ಇಷ್ಟೇ. ಮಾಡುವಾಗ ಚೀಟಿಗೆ ಕಾಲು ಬರುತ್ತಿತ್ತು, ಏಳು ಒಂದಾಗುತ್ತಿತ್ತು, ಒಮ್ಮೆಯಂತೂ ಒಬ್ಬ ವರ್ತಕ ತನ್ನದೇ ಚೀಟಿಯನ್ನು ಎಲೆಅಡಿಕೆಯ ಜೊತೆ ಅಗಿದುಬಿಟ್ಟ. ಇದಕ್ಕೆಲ್ಲ ಮದ್ದೆಂದು ಶಿವಮೂರ್ತಪ್ಪನವರು ಕಂಪ್ಯೂಟರು ತರಿಸಿದರು. ರೈಲಿನಲ್ಲಿ ಕಡೂರು ಸ್ಟೇಷನ್ನಿಗೆ ಬಂದ ಆ ಪೆಟ್ಟಿಗೆಯನ್ನು, ಹೊಸ ಮದುಮಗಳನ್ನು ಕರೆತರುವ ಹಾಗೆ, ಗಾಡಿಯಲ್ಲಿ ಹಾಸಿಗೆ ಹಾಸಿ ಸಂಘಕ್ಕೆ ತಂದರು. ಅದಕ್ಕೊಂದು ಕೋಣೆ, ಕೋಣೆಗೊಂದು ಫ್ಯಾನು, ನೆಲಕ್ಕೊಂದು ಜಮಖಾನ, ಬಾಗಿಲಲ್ಲಿ 'ಪಾದರಕ್ಷೆ ಹೊರಗೆ ಬಿಡಿ' ಎಂಬ ಹಲಗೆ.

ಪೆಟ್ಟಿಗೆ ಬಂತು. ಅದಕ್ಕೆ ಬುದ್ಧಿ ಹೇಳುವವರು ಬೇಕಲ್ಲ? ಸ್ಟೇಷನ್ ರಸ್ತೆಯಲ್ಲಿ ಬೆರಳಚ್ಚು ಶಾಲೆ ನಡೆಸುತ್ತಿದ್ದ ಸೀತಾದೇವಿ ಒಂದು ಬೇಸಿಗೆ ಬೆಂಗಳೂರಿಗೆ ಹೋಗಿ ಬೇಸಿಕ್ ಅನ್ನುವ ಕಂಪ್ಯೂಟರಿನ ಭಾಷೆ ಕಲಿತು ಬಂದಿದ್ದಳು. ಮೂವತ್ತೈದರ ಆಸುಪಾಸಿನ ಹೆಣ್ಣುಮಗಳು. ಮಾತು ಸ್ವಲ್ಪ, ಕೈ ಚುರುಕು. ಅವಳನ್ನು ಕರೆಯುವುದಕ್ಕೆ ದೊಡ್ಡಬೀರಪ್ಪನನ್ನೇ ಕಳಿಸಿದರು.

ಅವನು ಬೆರಳಚ್ಚು ಶಾಲೆಯ ಬಾಗಿಲಿಗೆ ಹೋಗಿ ನಿಂತಾಗ ಅವಳು ಹೊಸಬರಿಗೆ ಪಾಠ ತೋರಿಸುತ್ತಿದ್ದಳು. ನೋಡದೆ ಒತ್ತುವುದು ಅಭ್ಯಾಸವಾಗಲಿ ಅಂತ ಟೈಪ್‌ರೈಟರಿನ ಕೀಲಿಗಳ ಮೇಲೆ ಬಟ್ಟೆ ಹೊದಿಸಿತ್ತು. ಅವಳ ಎರಡು ಕೈಯೂ ಬಟ್ಟೆಯ ಕೆಳಗೆ. ಬಟ್ಟೆ ಅಲ್ಲಾಡುತ್ತಿತ್ತು, ಮೇಲಿನ ಕಾಗದದಲ್ಲಿ ಅಕ್ಷರ ಬೀಳುತ್ತಿತ್ತು. ದೊಡ್ಡಬೀರಪ್ಪ ಕಣ್ಣು ಕೀಳದೆ ನೋಡಿದ. ಟವೆಲ್ ಕೆಳಗಿನ ಕೈ ಯಾವುದೇ ಇರಲಿ, ಅದರ ಮಾತನ್ನು ಮೇಲಿನಿಂದಲೇ ಅಷ್ಟಿಷ್ಟು ಓದುವ ಕಣ್ಣು ಅವನದು. ಇಲ್ಲಿ ಒಂದು ಕೂಡ ಓದಲಾಗಲಿಲ್ಲ.

"ಒಳಗೆ ಯಾರ ಕೈ ಹಿಡ್ಕೊಂಡಿದ್ದೀರಮ್ಮ?" ಅಂದ.

ಸೀತಾದೇವಿ ನಕ್ಕು, "ಯಾರದ್ದೂ ಇಲ್ಲ ಯಜಮಾನ್ರೇ, ನನ್ನ ಕೈ ನಾನೇ ಹಿಡ್ಕೊಂಡಿದ್ದೀನಿ" ಅಂದಳು.

ಅವತ್ತಿನಿಂದ ಅವಳು ಅವನಿಗೆ ಟೀಚ್ರಮ್ಮ.

ಟೀಚ್ರಮ್ಮ ಒಂದು ಇಡೀ ಬೇಸಿಗೆ ಕೂತು ಬೇಸಿಕ್ಕಿನಲ್ಲಿ ಟೆಂಡರಿನ ಪ್ರೋಗ್ರಾಂ ಬರೆದಳು. ದೊಡ್ಡಬೀರಪ್ಪ ಕೊಬ್ಬರಿ ಒಣಹಾಕುವ ನೆವದಲ್ಲಿ ಬಂದು, ಚಪ್ಪಲಿ ಬಿಟ್ಟು, ಬಾಗಿಲ ಪಕ್ಕ ಕುಕ್ಕರುಗಾಲಲ್ಲಿ ಕೂರುತ್ತಿದ್ದ. ಅವಳು ಬಿಡಿಸಿ ಹೇಳುತ್ತಿದ್ದಳು: ಇದು ಒಂದೊಂದೇ ಸಾಲು; ಪ್ರತಿ ಸಾಲಿಗೂ ನಂಬರು; ಹತ್ತು, ಇಪ್ಪತ್ತು, ಮೂವತ್ತು, ಹೀಗೆ.

"ಮಧ್ಯ ಯಾಕೆ ಜಾಗ ಬಿಟ್ಟಿದ್ದೀರಿ? ಹನ್ನೊಂದು ಹನ್ನೆರಡು ಬರಲ್ವಾ ಇದಕ್ಕೆ?"

"ಬರುತ್ತೆ. ನಾಳೆ ಏನಾದ್ರೂ ಸೇರಿಸ್ಬೇಕು ಅಂದ್ರೆ ಬೇಕಾಗುತ್ತೆ ಅಂತ ಬಿಟ್ಟಿರೋದು."

"ಓ, ತೆಂಗಿನ ಸಾಲಿನ ಮಧ್ಯ ಬಾಳೆಗೆ ಜಾಗ ಬಿಟ್ಟಂಗೆ."

ಮೊದಲ ಸೋಮವಾರ ಕಂಪ್ಯೂಟರು ನಡೆದದ್ದನ್ನು ದೊಡ್ಡಬೀರಪ್ಪ ಸಾಯುವವರೆಗೂ ಹೇಳುತ್ತಿದ್ದ. ವರ್ತಕರ ಚೀಟಿಗಳ ದರವನ್ನು ಗುಮಾಸ್ತ ಒತ್ತುತ್ತಾ ಹೋದ. ಕೊನೆಗೆ ಸೀತಾದೇವಿ ಒಂದು ಕೀಲಿ ಒತ್ತಿದಳು. ಎಲೆಗೆ ಸುಣ್ಣ ಹಚ್ಚುವಷ್ಟು ಹೊತ್ತು ಪರದೆ ಸುಮ್ಮನಿತ್ತು. ಆಮೇಲೆ ಪ್ರಿಂಟರು ಕಿರ್ರ್ ಕಿರ್ರ್ ಅಂತ ಚೀರುತ್ತಾ, ಯಾವ ಲಾಟು ಯಾರಿಗೆ, ಎಷ್ಟಕ್ಕೆ, ಎಲ್ಲವನ್ನೂ ಉಗುಳಿತು. ಒಂದು ಸಂತೆಯ ಮಾತುಕತೆಯೆಲ್ಲ ಆ ಮೌನದಲ್ಲಿ ಮುಗಿದುಹೋಗಿತ್ತು. ದೊಡ್ಡಬೀರಪ್ಪನ ರೋಮ ನೆಟ್ಟಗಾಯಿತು. "ಟವೆಲು ಕಾಣಿಸ್ಲಿಲ್ಲ, ಕೈ ಕಾಣಿಸ್ಲಿಲ್ಲ, ವ್ಯಾಪಾರ ಮುಗಿದೋಯ್ತು ಕಣೇ" ಅಂತ ಮನೆಗೆ ಹೋಗಿ ತಿಮ್ಮಕ್ಕನಿಗೆ ಹೇಳಿದ. ಅಷ್ಟು ವರ್ಷದಲ್ಲಿ ಅವನು ವ್ಯಾಪಾರದ ಬಗ್ಗೆ ಮನೆಯಲ್ಲಿ ಆಡಿದ ಮೊದಲ ಮಾತು ಅದು. ತಿಮ್ಮಕ್ಕ ಹಣೆ ಮುಟ್ಟಿ ಜ್ವರ ನೋಡಿದಳು.

ಆರೇಳು ತಿಂಗಳು ಎಲ್ಲ ಸರಿಯಿತ್ತು. ಆಮೇಲೆ ದೊಡ್ಡಬೀರಪ್ಪನಿಗೆ ಒಂದು ವಾಸನೆ ಬಡಿಯಿತು. ವರ್ತಕರ ಪಟ್ಟಿಯಲ್ಲಿ ಹನ್ನೊಂದನೇ ನಂಬರಿನವನು ಹುಟ್ಟಾ ಸಿಡುಕ. ಸೋಮವಾರ ಅಂದರೆ ಹುಳಿ ಮಜ್ಜಿಗೆ ಕುಡಿದ ಮುಖ. ಅಂಥವನು ಈಗ ಸೋಮವಾರದ ಹೊತ್ತು ಎಲ್ಲರಿಗೂ ಕಾಫಿ ಕೊಡಿಸುತ್ತಿದ್ದ.

"ಟೀಚ್ರಮ್ಮ, ಆವಯ್ಯ ನಗ್ತಾ ಅವ್ನೆ. ಒಳಗೆ ಒಂದು ಸಲ ನೋಡಿ."

ಸೀತಾದೇವಿ ಪ್ರೋಗ್ರಾಮಿನ ಸಾಲುಗಳನ್ನು ಪರದೆಗೆ ತಂದಳು. ಮುನ್ನೂರ ನಲವತ್ತು. ಅದರ ಕೆಳಗೆ ಮುನ್ನೂರ ಐವತ್ತು ಇರಬೇಕಿತ್ತು. ನಡುವೆ ಮುನ್ನೂರ ನಲವತ್ತೈದು ಅಂತ ಒಂದು ಸಾಲು ಕೂತಿತ್ತು. ಅದನ್ನು ಅವಳು ಬರೆದಿರಲಿಲ್ಲ. ಹನ್ನೊಂದನೇ ನಂಬರಿನವನ ದರ ಒಂದೆರಡು ರೂಪಾಯಿ ಕಡಿಮೆಯಿದ್ದರೂ ಲಾಟು ಅವನಿಗೇ ಕೊಡು ಅನ್ನುತ್ತಿತ್ತು ಆ ಸಾಲು. ಬಾಳೆಗೆ ಬಿಟ್ಟ ಜಾಗದಲ್ಲಿ ಯಾರೋ ಕಳೆ ಹಾಕಿದ್ದರು. ಯಾರ ಕೈ ಅನ್ನುವುದು ಕೊನೆಗೂ ತಿಳಿಯಲಿಲ್ಲ. ಕೋಣೆಗೆ ಚಪ್ಪಲಿ ಬಿಟ್ಟು ಬರಬೇಕಿತ್ತೇ ಹೊರತು, ಬೆರಳು ಬಿಟ್ಟು ಬರಬೇಕು ಅಂತ ಹಲಗೆಯಲ್ಲಿ ಬರೆದಿರಲಿಲ್ಲವಲ್ಲ.

ಸೀತಾದೇವಿ ಕಳೆ ಕಿತ್ತಳು. ಪ್ರೋಗ್ರಾಮಿನ ಒಂದು ಪ್ರತಿಯನ್ನು ಇದ್ದ ಹಾಗೆಯೇ, ಅಂಗೈಯಗಲದ ತೆಳು ಕರಿಯ ಚೀಲದಂಥ ಬೇರೊಂದು ಫ್ಲಾಪಿಗೆ ಇಳಿಸಿಕೊಂಡಳು. ಆಮೇಲೆ, "ಈಗ ಸಂಘದ ಪ್ರತಿಗೆ ಬೀಗ ಹಾಕ್ತೀನಿ ನೋಡಿ" ಅಂದು, ಉಳಿಸುವ ಆಜ್ಞೆಯ ಕೊನೆಗೆ ಒಂದು ಅಲ್ಪವಿರಾಮ ಇಟ್ಟು, ಪಕ್ಕದಲ್ಲಿ 'ಪಿ' ಅಂತ ಒಂದಕ್ಷರ ಒತ್ತಿದಳು.

"ಅಷ್ಟೇಯಾ? ನಮ್ಮ ಕೊಟ್ಟಿಗೆಗೆ ಇದಕ್ಕಿಂತ ದೊಡ್ಡ ಅಗುಳಿ ಐತಲ್ಲಮ್ಮ."

"ಈಗ ಒಳಗಿರೋದನ್ನ ತೋರಿಸು ಅಂತ ಕೇಳ್ತೀನಿ." ಅವಳು ಕೇಳಿದಳು. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಒಂದೇ ಸಾಲು ಬಂತು.

"ಏನಂತೆ?"

"ಇಲ್ಲೀಗಲ್ ಫಂಕ್ಷನ್ ಕಾಲ್ ಅಂತೆ."

"ಇಲ್ಲೀಗಲ್ ಫಂಕ್ಷನ್ ಅಂದ್ರೆ? ಕದ್ದು ಮಾಡ್ಕೊಂಡ ಮದುವೆಯಾ?"

"ಅಲ್ಲ ಯಜಮಾನ್ರೇ. ತೋರಿಸಲ್ಲ ಹೋಗು ಅಂತಿದೆ. ಇನ್ಮೇಲೆ ಇದು ಕೆಲಸ ಮಾಡುತ್ತೆ, ಆದ್ರೆ ಹೇಗೆ ಮಾಡ್ತೀನಿ ಅಂತ ಯಾರಿಗೂ ತೋರ್ಸಲ್ಲ. ತಿದ್ದೋಕೂ ಬಿಡಲ್ಲ."

"ನೀವು ಕೇಳಿದ್ರೂ?"

"ನಾನು ಕೇಳಿದ್ರೂ."

"ಹೆತ್ತೋರಿಗೂ ಇಲ್ವಾ?"

"ಹೆತ್ತೋರಿಗೂ ಇಲ್ಲ."

ಸೀತಾದೇವಿ ಅದನ್ನು ಹಗುರವಾಗಿಯೇ ಹೇಳಿದ್ದು. ಆದರೆ ಹೇಳಿದ ಮೇಲೆ ಅವಳೂ ಒಂದು ಗಳಿಗೆ ಪರದೆಯನ್ನೇ ನೋಡುತ್ತಾ ಕೂತಳು. ದೊಡ್ಡಬೀರಪ್ಪನಿಗೆ ಮೈ ಜುಂ ಅಂತು. ತನ್ನ ಬಾಯಿಯ ಬಿಗಿಯನ್ನು ಊರೂರೇ ಹೊಗಳುತ್ತಿತ್ತು. ಆದರೆ ಅಪ್ಪ ಬಂದು ಕೇಳಿದ್ದರೆ ತಾನು ಒಂದು ಮಾತಾದರೂ ಬಿಡುತ್ತಿರಲಿಲ್ಲವೇ? ಇದು ಬಿಡಲಿಲ್ಲ. ಅವನು ಎದ್ದು ಪೆಟ್ಟಿಗೆಗೆ ಕೈಮುಗಿದ. ತಮಾಷೆಗಲ್ಲ.

ಇನ್ನು ಉಳಿದದ್ದು ಬೀಗವಿಲ್ಲದ ಆ ಮೂಲಪ್ರತಿ. ಪ್ರೋಗ್ರಾಮಿನಲ್ಲಿ ಮುಂದೆ ಏನೇ ಬದಲಾಯಿಸಬೇಕಾದರೂ ಅದೊಂದೇ ದಾರಿ. ಆ ಫ್ಲಾಪಿ ಯಾರ ಹತ್ತಿರ ಇರಬೇಕು? ಡೈರೆಕ್ಟರುಗಳ ಸಭೆಯಲ್ಲಿ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು, ಕೊನೆಗೆ ಎಲ್ಲರೂ ದೊಡ್ಡಬೀರಪ್ಪನ ಮುಖ ನೋಡಿದರು. ಓದಲು ಬರದವನು, ಬಾಯಿ ಬಿಡದವನು: ಇಂಥ ತಿಜೋರಿ ಎಲ್ಲಿ ಸಿಗುತ್ತದೆ?

"ಇನ್ನೊಂದು ಪ್ರತಿ ತೆಗೆದು ಬೇರೆ ಕಡೆ ಇಡೋಣ" ಅಂದಳು ಸೀತಾದೇವಿ.

"ಬ್ಯಾಡಿ ಟೀಚ್ರಮ್ಮ. ಎರಡು ಬೀಗದ ಕೈ ಇರೋ ಮನೆಗೆ ಬೀಗ ಇಲ್ಲ ಅಂತ್ಲೇ ಲೆಕ್ಕ" ಅಂದ ದೊಡ್ಡಬೀರಪ್ಪ. ಸಭೆ ತಲೆದೂಗಿತು. ಜೊತೆಗೆ ಇನ್ನೊಂದು ನಿರ್ಣಯವೂ ಆಯಿತು: ಕಂಪ್ಯೂಟರು ಅಚ್ಚು ಹಾಕಿದ ಕಾಗದವನ್ನು ಇನ್ನು ಮುಂದೆ ಯಾರೂ ಕೈಯಲ್ಲಿ ತಿದ್ದಕೂಡದು.

ಫ್ಲಾಪಿ ಕೈಗೆ ಕೊಡುವಾಗ ಸೀತಾದೇವಿ ಮಗುವನ್ನು ಕೊಡುವವಳ ಹಾಗೆ ಹೇಳಿದಳು: ನೀರು ತಾಗಬಾರದು, ಬಿಸಿಲಿಗೆ ಇಡಬಾರದು, ಅಯಸ್ಕಾಂತದ ಹತ್ತಿರ ಒಯ್ಯಬಾರದು, ಯಾರ ಕೈಗೂ ಕೊಡಬಾರದು. ದೊಡ್ಡಬೀರಪ್ಪ ಒಂದೊಂದಕ್ಕೂ 'ಹೂಂ' ಅಂದ. ಅದರಲ್ಲಿ ಒಂದಕ್ಕೂ ಅವನು ತಪ್ಪಲಿಲ್ಲ.

ಆಮೇಲಿನ ವರ್ಷ ಕೊಬ್ಬರಿ ಬೆಲೆ ಬಿದ್ದಿತು. ವರ್ತಕರು ಮೊದಲೇ ಮಾತಾಡಿಕೊಂಡು ಎಲ್ಲರೂ ಪಾತಾಳದ ದರ ಬರೆಯತೊಡಗಿದರು. ಪ್ರೋಗ್ರಾಂ ಪ್ರಾಮಾಣಿಕವಾಗಿ ಆ ಪಾತಾಳದಲ್ಲೇ ಎತ್ತರದ್ದನ್ನು ಆರಿಸಿ ಲಾಟು ಕೊಟ್ಟುಬಿಡುತ್ತಿತ್ತು. ಬೆಳೆಗಾರರ ಸಭೆಯಲ್ಲಿ ಗದ್ದಲವೆದ್ದಿತು. ಎಲ್ಲರಿಗಿಂತ ಜೋರು ಕೆಂಚಪ್ಪನದು. ಅವನು ದೊಡ್ಡಬೀರಪ್ಪನ ಪಕ್ಕದ ತೋಟದವನು, ಅಡ್ಡಮಾತಿಗೆ ಹೆಸರುವಾಸಿ.

"ನನ್ನ ಕೊಬ್ಬರಿಗೆ ಇಷ್ಟಕ್ಕಿಂತ ಕಮ್ಮಿ ಬಂದ್ರೆ ನಾನು ಮಾರಲ್ಲ ಅನ್ನೋ ಹಕ್ಕು ನನಗಿಲ್ವಾ? ಆ ಡಬ್ಬಕ್ಕೆ ಅದು ಯಾಕೆ ಗೊತ್ತಿಲ್ಲ?"

"ಹೇಳಿಕೊಟ್ರೆ ಕಲೀತದೆ" ಅಂದ ದೊಡ್ಡಬೀರಪ್ಪ.

"ಕಲೀತದಾ! ಅದರೊಳಗೆ ಏನೈತೆ ಅಂತ ನೀನು ಕಂಡಿದ್ದೀಯಾ? ಯಾರಿಗೂ ತೋರ್ಸಲ್ವಂತೆ. ತೋರಿಸದೆ ಇರೋದು ಒಂದೋ ದೇವ್ರು, ಇಲ್ಲಾ ಕಳ್ಳ. ನಿನ್ನ ಡಬ್ಬ ಯಾವ್ದು ಹೇಳು."

ಸಭೆ ನಕ್ಕಿತು, ಆದರೆ ನಗು ಬೇಗ ನಿಂತಿತು. ಪ್ರಶ್ನೆ ಎಲ್ಲರ ಹೊಟ್ಟೆಯಲ್ಲೂ ಇದ್ದದ್ದೇ. ದೊಡ್ಡಬೀರಪ್ಪ ಎದ್ದು ನಿಂತ.

"ನಾನೂ ಕಂಡಿಲ್ಲ ಕಣೋ. ಆದ್ರೆ ಅದರ ಮೂಲ ನನ್ನ ಹತ್ರ ಭದ್ರವಾಗೈತೆ, ಇನ್ನೊಬ್ಬರ ಕೈ ಸೋಕಿಲ್ಲ. ನಿಮ್ಮ ಬೆಲೆ ಬರದಿದ್ರೆ ಲಾಟು ನಿಲ್ಲಬೇಕು, ತಾನೆ? ಬರೋ ಸೋಮವಾರದಿಂದ ನಿಲ್ತದೆ. ನಿಲ್ದಿದ್ರೆ ಈ ಕಂಪ್ಯೂಟ್ರೂ ಬೇಡ, ನಾನೂ ಬೇಡ. ನನ್ನ ಮಾತು."

ಅವನ ಜೀವಮಾನದ ಆಸ್ತಿ ಆ 'ನನ್ನ ಮಾತು' ಒಂದೇ. ಸಂತೆಯಲ್ಲಿ ಅದರ ಮೇಲೆ ಎಷ್ಟೋ ಜೋಡಿ ಹೋರಿ ಕಾಗದವಿಲ್ಲದೆ ಕೈ ಬದಲಾಗಿದ್ದವು.

ಮಾರನೇ ದಿನವೇ ಅವನು ಬೆರಳಚ್ಚು ಶಾಲೆಗೆ ಬಂದ. ಸೀತಾದೇವಿ ಬದಲಾವಣೆಯ ಸಾಲುಗಳನ್ನು ಆಗಲೇ ಕಾಗದದಲ್ಲಿ ಬರೆದಿಟ್ಟುಕೊಂಡಿದ್ದಳು. "ಕೊಡಿ ಯಜಮಾನ್ರೇ, ಒಂದು ಗಂಟೆ ಕೆಲಸ" ಅಂದಳು.

ದೊಡ್ಡಬೀರಪ್ಪ ಅಂಗಿ ಎತ್ತಿ, ಸೊಂಟಕ್ಕೆ ಕಟ್ಟಿದ್ದ ಎಲೆಅಡಿಕೆಯ ಸಂಚಿ ಬಿಚ್ಚಿದ. ಎಲೆಯ ಕಟ್ಟು ತೆಗೆದಿಟ್ಟ. ಸುಣ್ಣದ ಡಬ್ಬಿ ತೆಗೆದಿಟ್ಟ. ಕೊನೆಗೆ ಪ್ಲಾಸ್ಟಿಕ್ ಕಾಗದದಲ್ಲಿ ಸುತ್ತಿದ ಒಂದು ಕರಿಯ ಪೊಟ್ಟಣ ತೆಗೆದು, ಹೆಮ್ಮೆಯಿಂದ ಮೇಜಿನ ಮೇಲಿಟ್ಟು, ನಡುವೆ ಮಡಚಿದ್ದನ್ನು ಬಿಡಿಸಿದ.

"ತಗೊಳಿ. ನಿದ್ದೇಲೂ ಸೊಂಟದಿಂದ ಇಳಿಸಿಲ್ಲ."

ಫ್ಲಾಪಿ ಸರಿಯಾಗಿ ನಡುವಿಗೆ ಮುರಿದ ದೋಸೆಯ ಹಾಗೆ ಬಿದ್ದಿತ್ತು.

"ಮಡಚಿದ್ರಾ?"

"ಮಡಚ್ದೆ ಸಂಚೀಲಿ ಹೆಂಗೆ ಹಿಡೀತದಮ್ಮ? ನೂರು ರೂಪಾಯಿ ನೋಟು ಮಡಚಲ್ವಾ ನಾವು? ಮಡಚಿದ್ರೆ ಬೆಲೆ ಕಮ್ಮಿಯಾಗ್ತದಾ?"

ತಪ್ಪು ಯಾರದೆಂದು ಹೇಳುವುದು? ನೀರು, ಬಿಸಿಲು, ಅಯಸ್ಕಾಂತ ಎಲ್ಲವನ್ನೂ ಅವಳು ಹೇಳಿದ್ದಳು. ಮಡಚಬೇಡಿ ಅಂತ ಹೇಳಿರಲಿಲ್ಲ, ಯಾಕೆಂದರೆ ಅದನ್ನು ಮಡಚಬಹುದು ಅನ್ನುವುದು ಅವಳ ತಲೆಗೇ ಬಂದಿರಲಿಲ್ಲ. ಫ್ಲಾಪಿಯ ಲಕೋಟೆಯ ಮೇಲೆ ಬಗ್ಗಿಸಬೇಡಿ ಅಂತ ಇಂಗ್ಲಿಷಿನಲ್ಲಿ ಅಚ್ಚಾಗಿತ್ತು. ಆದರೆ ಓದಲು ಬರದವನು ಅನ್ನುವುದಕ್ಕೇ ತಾನೆ ಅವನ ಕೈಗೆ ಕೊಟ್ಟದ್ದು? ಅವನ ಸೀಮೆಯಲ್ಲಿ ಬೆಲೆಬಾಳುವುದನ್ನೆಲ್ಲ ಮೈಮೇಲೆ ಇಟ್ಟುಕೊಳ್ಳುವುದು; ಮೈಮೇಲೆ ಇಡಬೇಕಾದರೆ ಮಡಚುವುದು.

ಅವಳು ಮೆಲ್ಲಗೆ ಬಿಡಿಸಿ ಹೇಳಿದಳು. ಹೇಳುತ್ತಾ ಹೋದಂತೆ ದೊಡ್ಡಬೀರಪ್ಪನ ಮುಖ ಇಳಿಯಿತು.

"ಇಸ್ತ್ರಿ ಮಾಡ್ಸಿದ್ರೆ?" ಅಂದ.

"ಅಯ್ಯೋ, ಬೇಡಿ! ಸುಟ್ಟುಹೋಗುತ್ತೆ."

"ಹೊಸದಾಗಿ ಬರೆಯೋಕಾಗಲ್ವಾ?"

"ಒಂದು ಬೇಸಿಗೆ ಹಿಡಿದಿತ್ತು ಯಜಮಾನ್ರೇ. ಸೋಮವಾರಕ್ಕೆ ಹೇಗಾಗುತ್ತೆ?"

"ಪೆಟ್ಟಿಗೇಲಿರೋದನ್ನ ಬೀಗ ಒಡೆದು..."

"ಅದಕ್ಕೆ ಬೀಗ ಹಾಕೋದು ನನಗೆ ಗೊತ್ತು. ಒಡೆಯೋದು ಗೊತ್ತಿಲ್ಲ."

ಮನೆಗೆ ಹೋದವನು ಮುದ್ದೆ ಮುಟ್ಟಲಿಲ್ಲ. "ಜೋಡಿ ಹೋರಿ ಸತ್ತಾಗ್ಲೂ ಹಿಂಗೆ ಕೂತಿರಲಿಲ್ಲ ನೀನು. ಏನಾತು ಹೇಳಬಾರ್ದಾ?" ಅಂದಳು ತಿಮ್ಮಕ್ಕ. ಅವನು ಸಂಚಿಯನ್ನು ಬಿಚ್ಚಿ ಮೂಲೆಗೆ ಎಸೆದ. ಅವಳಿಗೆ ನಿಜವಾಗಿ ಭಯವಾಯಿತು.

ಸೀತಾದೇವಿ ಫ್ಲಾಪಿಯನ್ನು ದಪ್ಪ ನಿಘಂಟಿನ ಕೆಳಗೆ ಒತ್ತಿಟ್ಟು ಎರಡು ದಿನ ಯೋಚಿಸಿದಳು. ಭಾನುವಾರ ಬೆಳಿಗ್ಗೆ ಅವನನ್ನು ಸಂಘದ ಕೋಣೆಗೆ ಬರಹೇಳಿದಳು. ಮೇಜಿನ ಮೇಲೆ ಒಂದು ಹೊಸ ಬ್ಲೇಡು, ಒಂದಿಷ್ಟು ಹತ್ತಿ, ಒಂದು ಹೊಸ ಫ್ಲಾಪಿ.

"ಮೇಲಿನ ಚೀಲ ಮುರಿದಿದೆ. ಒಳಗಿನದು ಮುರಿದಿದೆಯೋ ಇಲ್ಲವೋ ಗೊತ್ತಿಲ್ಲ. ಇದರ ಒಳಗಿನದನ್ನ ತೆಗೆದು ಆ ಹೊಸ ಚೀಲದಲ್ಲಿ ಹಾಕಿ ನೋಡ್ತೀನಿ. ಒಂದೇ ಸಲ ಆಗೋದು. ತಪ್ಪಿದ್ರೆ ಮುಗೀತು."

"ಕರುವಿಗೆ ಬೇರೆ ತಾಯಿ ಹಾಕೋದು ಅನ್ನಿ" ಅಂದ ದೊಡ್ಡಬೀರಪ್ಪ.

ಅವಳು ಕರಿಯ ಚೀಲದ ಅಂಚನ್ನು ಬ್ಲೇಡಿನಿಂದ ಗೀರಿ, ಎರಡು ಬೆರಳಲ್ಲಿ ಒಳಗಿನದನ್ನು ಜಾರಿಸಿ ತೆಗೆದಳು. ದೊಡ್ಡಬೀರಪ್ಪ ಮುಂದಕ್ಕೆ ಬಾಗಿದ. ಒಂದು ವರ್ಷಕ್ಕೂ ಮೇಲೆ ಹೊಟ್ಟೆಗೆ ಒತ್ತಿಕೊಂಡು ತಿರುಗಿದ್ದನ್ನು ಅವನು ಕಾಣುತ್ತಿದ್ದದ್ದು ಇದೇ ಮೊದಲು. ಈರುಳ್ಳಿ ಸಿಪ್ಪೆಯಂಥ ತೆಳುವಿನ, ಕಂದುಬಣ್ಣದ, ಗುಂಡನೆಯ ಒಂದು ಹಾಳೆ. ನಡುವೆ ತೂತು. ಅಡ್ಡಲಾಗಿ ಒಂದು ಮಂಕು ಗೆರೆ, ಅದು ಅವನೇ ಮಾಡಿದ ಮಡಿಕೆ. ಅಷ್ಟೇ. ಕಿಟಕಿಯ ಬೆಳಕಿಗೆ ಅದು ಕೊಳದ ನೀರಿನ ಹಾಗೆ ಹೊಳೆಯಿತು; ಅವನ ಮುಖವೇ ಅದರಲ್ಲಿ ಮಸುಕಾಗಿ ಕಾಣಿಸಿತು.

"ಟೀಚ್ರಮ್ಮ," ಅಂದ ಪಿಸುದನಿಯಲ್ಲಿ, "ಇದ್ರಲ್ಲಿ ಏನೂ ಬರ್ದೇ ಇಲ್ವಲ್ಲ."

"ಬರೆದಿದೆ."

"ಎಲ್ಲಿ?"

"ನನಗೂ ಕಾಣಲ್ಲ ಯಜಮಾನ್ರೇ. ಬರೆದೋಳು ನಾನೇ. ಆದ್ರೂ ಕಾಣಲ್ಲ."

ಅವಳು ಹತ್ತಿಯಿಂದ ಸುಣ್ಣದ ಪುಡಿ ಒರೆಸಿದಳು. ಹೊಸ ಫ್ಲಾಪಿಯ ಚೀಲ ಸೀಳಿ, ಅದರ ಹಾಳೆಯನ್ನು ತೆಗೆದು, ಇದನ್ನು ಅಲ್ಲಿಗೆ ಸೇರಿಸಿದಳು. ಪೆಟ್ಟಿಗೆಯ ಬಾಯಿಗಿಟ್ಟು ಅಗುಳಿ ತಿರುಗಿಸಿದಳು. ಓದಿದಷ್ಟನ್ನೂ ಹಾಗೆಯೇ ಕಾಗದಕ್ಕೂ ಇಳಿಸುವಂತೆ ಪ್ರಿಂಟರಿಗೆ ಹೇಳಿದಳು.

ಪೆಟ್ಟಿಗೆ ಗರ್ ಅಂತು. ನಿಂತಿತು. 'ಟಕ್ ಟಕ್' ಅಂತು. ಪರದೆಯ ಮೇಲೆ ಒಂದು ಸಾಲು ಬಂತು.

"ಏನಂತೆ?"

"ಓದೋಕಾಗ್ತಿಲ್ಲ, ಬಿಟ್ಬಿಡ್ಲಾ, ಮತ್ತೆ ನೋಡ್ಲಾ, ಇಲ್ಲಾ ಅದನ್ನ ಬಿಟ್ಟು ಮುಂದಕ್ಕೆ ಹೋಗ್ಲಾ ಅಂತ ಕೇಳ್ತಿದೆ."

"ಮತ್ತೆ ನೋಡು ಅನ್ನಿ."

ಮತ್ತೆ ನೋಡಿತು. ಆಗಲಿಲ್ಲ. ಮತ್ತೆ ಕೇಳಿತು. ಮತ್ತೆ ನೋಡು ಅಂದಳು. ಸೀತಾದೇವಿ ಆ ಒಂದೇ ಕೀಲಿಯನ್ನು ಬಿಡುವಿಲ್ಲದೆ ಒತ್ತತೊಡಗಿದಳು.

"ಅವಸರ ಬ್ಯಾಡಿ. ಎತ್ತು ಏರಿನಲ್ಲಿ ನಿಂತ್ರೆ ಬಾರುಕೋಲು ಎತ್ತಬಾರ್ದು. ಉಸಿರು ತಗಳ್ಳಿ ಅಂತ ಬಿಡ್ಬೇಕು" ಅಂದ ಅವನು. ಅವಳಿಗೆ ಹೇಳಿದನೋ, ಪೆಟ್ಟಿಗೆಗೆ ಹೇಳಿದನೋ, ತನಗೇ ಹೇಳಿಕೊಂಡನೋ. ಅವಳು ಅಗುಳಿ ತೆಗೆದು, ಫ್ಲಾಪಿಯ ನಡುವಿನ ತೂತಿನಲ್ಲಿ ಬೆರಳಿಟ್ಟು ಹಾಳೆಯನ್ನು ಒಂದಿಷ್ಟು ತಿರುಗಿಸಿ, ಮತ್ತೆ ಒಳಗಿಟ್ಟಳು.

ಗರ್. ಟಕ್. ಗರ್ರ್ರ್.

ಪ್ರಿಂಟರು ಕಿರ್ರ್ ಅಂತು. ಹತ್ತು. ಇಪ್ಪತ್ತು. ಮೂವತ್ತು.

ದೊಡ್ಡಬೀರಪ್ಪನಿಗೆ ಅಕ್ಷರ ಬಾರದಿದ್ದರೂ ಅಂಕಿ ಬರುತ್ತಿತ್ತು. ಅವನು ಕಾಗದದ ಎಡಗಡೆಯ ಅಂಚನ್ನು ಹಿಡಿದುಕೊಂಡು, ಒಂದೊಂದು ಸಾಲು ಹುಟ್ಟಿ ಮೇಲೆ ಏರಿದಂತೆಲ್ಲ ಬಾಯಲ್ಲಿ ಎಣಿಸತೊಡಗಿದ. ಖಾಲಿ ಹಾಳೆ ಅದು. ಅವನೇ ಕಣ್ಣಾರೆ ನೋಡಿದ್ದ. ಆ ಖಾಲಿಯೊಳಗಿಂದ ಒಂದು ಬೇಸಿಗೆಯ ಕೆಲಸ, ಸಾಲಿಗೆ ಸಾಲು, ಅಲ್ಪವಿರಾಮಕ್ಕೆ ಅಲ್ಪವಿರಾಮ ಎದ್ದು ಬರುತ್ತಿತ್ತು. ಮಡಿಕೆಯ ಗೆರೆ ಸಿಕ್ಕಿದ ಕಡೆಯೆಲ್ಲ ಪೆಟ್ಟಿಗೆ ಮುಗ್ಗರಿಸುತ್ತಿತ್ತು. ಅವಳು ಮತ್ತೆ ನೋಡು ಅನ್ನುತ್ತಿದ್ದಳು. ಅದು ಎದ್ದು ನಡೆಯುತ್ತಿತ್ತು. ಮುನ್ನೂರ ನಲವತ್ತಾದ ಮೇಲೆ ಮುನ್ನೂರ ಐವತ್ತೇ ಬಂತು. ಐನೂರರ ಸುಮಾರಿಗೆ ಎಷ್ಟು ಸಲ ನೋಡು ಅಂದರೂ ಆಗದೆ, ಅದನ್ನು ಬಿಟ್ಟು ಮುಂದೆ ಹೋಗು ಅನ್ನಬೇಕಾಯಿತು. ಅಲ್ಲಿ ನಾಲ್ಕು ಸಾಲು ಚಿತ್ರವಿಚಿತ್ರ ಗುರುತುಗಳ ಹಾಗಲಬಳ್ಳಿಯಾಗಿ ಬಂದವು. ಆಮೇಲೆ ಮತ್ತೆ ದಾರಿ. ಕೊನೆಯ ಸಾಲು ಬಂದು ಪ್ರಿಂಟರು ನಿಂತಿತು.

ದೊಡ್ಡಬೀರಪ್ಪನ ಕಣ್ಣಲ್ಲಿ ನೀರು ಬಂದಿತ್ತು. ಸೀತಾದೇವಿ ಅದನ್ನು ನೋಡದ ಹಾಗೆ ಕಾಗದ ಮಡಚಲು ಹೋಗಿ, ನಾಲಿಗೆ ಕಚ್ಚಿಕೊಂಡು, ಸುರುಳಿ ಸುತ್ತಿದಳು. ಕೆಟ್ಟುಹೋದ ನಾಲ್ಕು ಸಾಲನ್ನು ಅವಳು ಸಂಜೆಯೊಳಗೆ ಹೊಸದಾಗಿ ಬರೆದಳು. ನಡುವೆ ಬಿಟ್ಟ ಜಾಗದಲ್ಲಿ ಬೆಳೆಗಾರರ ಬೆಲೆಯ ಸಾಲುಗಳನ್ನು ಸೇರಿಸಿ, ಸಂಘದ ಪ್ರತಿಗೆ ಮತ್ತೆ ಬೀಗ ಹಾಕಿದಳು.

ಸೋಮವಾರ ಟೆಂಡರಿಗೆ ಮೊದಲು ದೊಡ್ಡಬೀರಪ್ಪ ಕೊಬ್ಬರಿ ಮೂಟೆಗಳ ನಡುವೆ ನಿಂತು ಬೆಳೆಗಾರರನ್ನೆಲ್ಲ ಕರೆದ. ಶಿವಮೂರ್ತಪ್ಪನವರು "ಆಗಿದ್ದಾಯ್ತು, ಈಗ ಯಾಕೆ ಹೇಳ್ತೀರಿ, ಸುಮ್ನಿರಿ" ಅಂತ ತೋಳು ಹಿಡಿದರು. ಅವನು ಬಿಡಿಸಿಕೊಂಡ.

"ಮೂಲ ಭದ್ರವಾಗೈತೆ ಅಂತ ಮಾತು ಕೊಟ್ಟಿದ್ದೆ. ಭದ್ರವಾಗಿರ್ಲಿಲ್ಲ. ನಾನೇ ಅದನ್ನ ಮಡಚಿ ಸಂಚೀಲಿ ಇಟ್ಟು ಹಾಳು ಮಾಡಿದ್ದೆ. ಟೀಚ್ರಮ್ಮ ಬದುಕಿಸಿದ್ರು. ಇವತ್ತು ನಿಮ್ಮ ಬೆಲೆ ಬರದಿದ್ರೆ ಲಾಟು ನಿಲ್ತದೆ, ಆದ್ರೆ ಅದು ನನ್ನಿಂದ ಅಲ್ಲ."

ಕೆಂಚಪ್ಪ, "ಲೇ ಬೀರಪ್ಪ, ಹೋಳಿಗೆ ಮಡಚಿದಂಗೆ ಮಡಚಿದ್ಯೇನೋ ಅದನ್ನ?" ಅಂದ. ನಗು ಮೂಟೆಯಿಂದ ಮೂಟೆಗೆ ಹಬ್ಬಿತು. ದೊಡ್ಡಬೀರಪ್ಪ ತಲೆ ತಗ್ಗಿಸಿ ನಿಂತೇ ಇದ್ದ.

ವರ್ತಕರು ಎಂದಿನ ಹಾಗೆ ಪಾತಾಳದ ಚೀಟಿ ಹಾಕಿದರು. ಗುಮಾಸ್ತ ಆ ದರಗಳನ್ನೂ ಬೆಳೆಗಾರರು ಕೇಳಿದ ಬೆಲೆಗಳನ್ನೂ ಒತ್ತಿದ. ಪರದೆ ಸುಮ್ಮನಾಯಿತು. ಆಮೇಲೆ ಪ್ರಿಂಟರು ಚೀರಿತು. ಶಿವಮೂರ್ತಪ್ಪನವರು ಕಾಗದ ಹರಿದುಕೊಂಡು ಹೊರಗೆ ಬಂದು ಓದಿದರು: ಮೊದಲನೇ ಲಾಟು, ಮಾರಾಟವಿಲ್ಲ. ಎರಡನೇದು, ಮಾರಾಟವಿಲ್ಲ. ಮೂರನೇದು ಕೆಂಚಪ್ಪನದು. ಮಾರಾಟವಿಲ್ಲ. ಹನ್ನೊಂದನೇ ನಂಬರಿನ ವರ್ತಕ ಕಾಫಿ ಲೋಟವನ್ನು ಅರ್ಧಕ್ಕೆ ಇಳಿಸಿದ. ವರ್ತಕರೆಲ್ಲ ಒಂದು ಮೂಲೆಯಲ್ಲಿ ಗುಂಪುಗೂಡಿ, ಕೊನೆಗೆ ಒಬ್ಬ ಬಂದು, "ಚೀಟಿ ಇನ್ನೊಂದು ಸಲ ಹಾಕಬಹುದೇ?" ಅಂತ ಮೆತ್ತಗೆ ಕೇಳಿದ.

"ಹಾಕ್ರಪ್ಪ, ಹಾಕಿ. ಅದಕ್ಕೇನು ಬೇಜಾರಿಲ್ಲ" ಅಂದರು ಶಿವಮೂರ್ತಪ್ಪನವರು. ಆಮೇಲೆ ಬೆಳೆಗಾರರ ಕಡೆ ತಿರುಗಿ, "ಮೂಲಪ್ರತಿ ಇನ್ಮುಂದೆ ಎರಡು ಇರುತ್ತಂತೆ. ಒಂದು ಬ್ಯಾಂಕಿನ ಲಾಕರಿನಲ್ಲಿ ಇಡ್ತೀವಿ. ಇನ್ನೊಂದು ಯಾರ ಹತ್ರ ಇರ್ಬೇಕು, ನೀವೇ ಹೇಳಿ" ಅಂದರು.

"ಅವನ ಹತ್ರಾನೇ ಇರ್ಲಿ," ಅಂದ ಕೆಂಚಪ್ಪ. "ಬೇರೆಯೋರು ಆದ್ರೆ ಮಡಚಿದ್ದನ್ನ ಹೇಳ್ತಿರಲಿಲ್ಲ."

ದೊಡ್ಡಬೀರಪ್ಪ ಕೋಣೆಯ ಕಿಟಕಿಯ ಹತ್ತಿರ ಹೋಗಿ ನಿಂತ. ಕೆಂಚಪ್ಪ ಹಿಂದೆಯೇ ಬಂದ. ಅಡ್ಡಮಾತಿನವನ ದನಿ ಈಗ ತಗ್ಗಿತ್ತು.

"ಅಲ್ಲ ಕಣೋ, ಒಳಗಿನದನ್ನ ನೀನು ಕಂಡ್ಯಂತಲ್ಲ. ಏನಿತ್ತು?"

"ಒಂದು ಹಾಳೆ. ಗುಂಡಗೆ. ಕನ್ನಡಿ ಥರ."

"ಅದರ ಮೇಲೆ?"

"ಏನೂ ಇರ್ಲಿಲ್ಲ."

"ಥೂ, ಸುಳ್ಳು."

"ನಿನ್ನಾಣೆಗೂ. ಒಂದು ಗೀಟಿರ್ಲಿಲ್ಲ."

"ಹಂಗಾದ್ರೆ ನನ್ನ ಲಾಟನ್ನ ನಿಲ್ಸಿದ್ದು ಯಾರು?"

"ಗೊತ್ತಿಲ್ಲ ಕಣೋ ಕೆಂಚಪ್ಪ. ಅಲ್ಲೇ ಎದುರಿಗೆ ಕೂತು ನೋಡ್ದೆ. ಆದ್ರೂ ಗೊತ್ತಾಗ್ಲಿಲ್ಲ."

ಒಳಗೆ ಗುಮಾಸ್ತ ಹೊಸ ಚೀಟಿಗಳ ದರ ಒತ್ತಿ ಮುಗಿಸಿದ್ದ. ಸೀತಾದೇವಿಯ ಕೈ ಆ ಒಂದು ಕೀಲಿಯ ಕಡೆ ಹೋಯಿತು. ಇಬ್ಬರೂ ಕಿಟಕಿಯ ಸರಳು ಹಿಡಿದುಕೊಂಡು, ಪರದೆ ಸುಮ್ಮನಾಗುವುದನ್ನೇ ನೋಡುತ್ತಾ ನಿಂತರು.